ಹತ್ತು ಡಾಲರಿನ ಕ್ರಯಪತ್ರ

ನಮ್ಮ ಮನೆಯನ್ನೂ ಅದರ ಸುತ್ತಲಿನ ಹನ್ನೊಂದು ಎಕರೆಯನ್ನೂ ನಾವು ಕೊಂಡದ್ದು ಹತ್ತು ಡಾಲರಿಗೆ. ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ಕ್ಲರ್ಕ್ ಕಚೇರಿಯಲ್ಲಿರುವ ಕ್ರಯಪತ್ರ ಹಾಗೇ ಹೇಳುತ್ತದೆ: ಹತ್ತು ಡಾಲರ್ ಮತ್ತು ಇತರ ಯೋಗ್ಯ ಪ್ರತಿಫಲ. ಟೆಕ್ಸಸ್‌ನಲ್ಲಿ ಮನೆ, ಜಮೀನು ಕೊಂಡ ಯಾರ ಪತ್ರ ತೆಗೆದು ನೋಡಿದರೂ ಹೆಚ್ಚುಕಡಿಮೆ ಇದೇ ಸಾಲು. ನಿಜಕ್ಕೂ ಎಷ್ಟು ಕೊಟ್ಟೆವು ಅನ್ನುವುದು ನಮಗೆ, ಮಾರಿದವರಿಗೆ, ದಲ್ಲಾಳಿಗೆ, ಬ್ಯಾಂಕಿಗೆ ಗೊತ್ತು. ಸರ್ಕಾರಕ್ಕೆ ಹೇಳಲೇಬೇಕೆಂಬ ಕಾನೂನು ಈ ರಾಜ್ಯದಲ್ಲಿಲ್ಲ. ಅಂಥ ಕಾನೂನು ಬೇಕೆಂಬ ಮಸೂದೆಗಳು ಆಸ್ಟಿನ್ನಿನ ಶಾಸನಸಭೆಗೆ ಆಗಾಗ ಬರುತ್ತವೆ, ಬಿದ್ದುಹೋಗುತ್ತವೆ. ನನ್ನ ಆಸ್ತಿ, ನನ್ನ ವ್ಯವಹಾರ, ನಿನಗ್ಯಾಕೆ ಲೆಕ್ಕ ಅನ್ನುವ ಸ್ವಭಾವ ಇಲ್ಲಿನ ನೆಲದ್ದು.

ಹೀಗಿದ್ದೂ ಪ್ರತಿ ಏಪ್ರಿಲ್‌ನಲ್ಲಿ ಕೌಂಟಿಯ ಅಪ್ರೈಸಲ್ ಡಿಸ್ಟ್ರಿಕ್ಟಿನಿಂದ, ಅಂದರೆ ತೆರಿಗೆಗಾಗಿ ಆಸ್ತಿಗಳಿಗೆ ಬೆಲೆ ಕಟ್ಟುವ ಕಚೇರಿಯಿಂದ, ಒಂದು ಲಕೋಟೆ ಬರುತ್ತದೆ. ಜನವರಿ 1ನೇ ತಾರೀಕು ನಿಮ್ಮ ಮನೆಯನ್ನು ಮಾರಲು ಇಟ್ಟಿದ್ದರೆ ಇಷ್ಟಕ್ಕೆ ಹೋಗುತ್ತಿತ್ತು ಎಂದು ಅದರೊಳಗೆ ಬರೆದಿರುತ್ತದೆ. ಅಂದಾಜು ಅನ್ನುವ ಸಂಕೋಚವೇ ಇಲ್ಲ, ಕೊನೆಯ ಅಂಕಿಯವರೆಗೂ ಖಚಿತ. ಯಾರೂ ಹೇಳದ ಬೆಲೆ ಇವರಿಗೆ ಹೇಗೆ ಗೊತ್ತಾಯಿತು ಅನ್ನುವ ಪ್ರಶ್ನೆ ನನ್ನನ್ನು ಕಾಡಲು ಶುರುವಾದದ್ದು ಮನೆ ಕೊಂಡ ಮರುವರ್ಷ. ಊರಿನವರೆಲ್ಲ ಸೇರಿ ಬೆಲೆಯನ್ನು ಬಚ್ಚಿಟ್ಟುಕೊಳ್ಳುತ್ತೇವೆ, ಆಮೇಲೆ ಊಹಿಸಿದವನನ್ನು ಊರೆಲ್ಲ ಸೇರಿ ಬೈಯುತ್ತೇವೆ. ದನದ ಮೇವು ಮಾರುವ ಫೀಡ್ ಅಂಗಡಿಯ ಸಾಲಿನಲ್ಲಿ ಮೇ ತಿಂಗಳಿಡೀ ಇದೇ ಮಾತು. ಬೈಯುವ ಸಾಲಿನಲ್ಲಿ ನಾನೂ ನಿಂತಿದ್ದೇನೆ, ಸುಳ್ಳೇಕೆ ಹೇಳಲಿ.

ಅಣ್ಣನ ಲೆಕ್ಕ

ತಿಪಟೂರಿನ ಕಡೆಯ ನಮ್ಮೂರಿನಲ್ಲಿರುವ ಅಣ್ಣನಿಗೆ ಫೋನಿನಲ್ಲಿ ಈ ಕಥೆ ಹೇಳಿದಾಗ ಅವನು ಮೊದಲು ಸುಮ್ಮನಿದ್ದ, ಆಮೇಲೆ ಜೋರಾಗಿ ನಕ್ಕ. "ಅಲ್ಲ ಕಣಮ್ಮ, ಸರ್ಕಾರ ನಿನ್ನ ಜಮೀನಿಗೆ ಜಾಸ್ತಿ ಬೆಲೆ ಕಟ್ಟಿದೆ ಅಂತ ಜಗಳಕ್ಕೆ ಹೋಗ್ತಿದೀಯಾ? ನಮ್ಮ ತೋಟದ ಅಂಚು ಹೈವೇಗೆ ಹೋದಾಗ ಕಮ್ಮಿ ಕಟ್ಟಿದಾರೆ ಅಂತ ನಾವು ಚಪ್ಪಲಿ ಸವೆಸ್ತಿದೀವಿ. ನಿಮ್ಮೋರನ್ನ ಇಲ್ಲಿಗೆ ಕಳಿಸು, ನಮ್ಮೋರನ್ನ ಅಲ್ಲಿಗೆ ಕರೆಸ್ಕೋ."

ತಮಾಷೆಗೆ ಹೇಳಿದ್ದು, ಆದರೆ ಆ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಅಣ್ಣನಿಗೆ ಪರಿಹಾರ ಕಮ್ಮಿ ಬರಲು ಕಾರಣವೇನೆಂದು ಅವನಿಗೂ ಗೊತ್ತು, ಊರಿಗೂ ಗೊತ್ತು. 2013ರ ಭೂಸ್ವಾಧೀನ ಕಾಯ್ದೆ ಬೆಲೆ ನಿರ್ಧರಿಸಲು ನೋಡುವುದು ಸಬ್‌ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರವನ್ನು, ಅಕ್ಕಪಕ್ಕದಲ್ಲಿ ಹಿಂದಿನ ಮೂರು ವರ್ಷ ನೋಂದಣಿಯಾದ ಕ್ರಯಗಳನ್ನು. ಎರಡರಲ್ಲಿ ಯಾವುದು ಹೆಚ್ಚೋ ಅದು. ಹಳ್ಳಿಯಾದರೆ ಅದನ್ನು ಇಷ್ಟು ಪಟ್ಟು ಎಂದು ಗುಣಿಸಿ, ಮೇಲೆ ಸೊಲೇಷಿಯಂ ಎಂಬ ಸಾಂತ್ವನದ ಹಣ ನೂರಕ್ಕೆ ನೂರು ಸೇರಿಸುತ್ತಾರೆ. ಕಾಗದದ ಮೇಲೆ ಉದಾರವಾದ ಲೆಕ್ಕವೇ. ಆದರೆ ಆ ಅಕ್ಕಪಕ್ಕದ ಕ್ರಯಪತ್ರಗಳಲ್ಲಿ ಯಾರಾದರೂ ಪೂರ್ತಿ ಮೊತ್ತ ಬರೆಸಿದ್ದಾರೆಯೇ? ಮುದ್ರಾಂಕ ಶುಲ್ಕ ಉಳಿಸಲು ಮಾರ್ಗಸೂಚಿ ದರಕ್ಕೆ ಬರೆಸಿ ಉಳಿದದ್ದನ್ನು ಕೈಗೆ ಕೊಟ್ಟವರೇ ಹೆಚ್ಚು. ದಶಕಗಳ ಕಾಲ ಎಲ್ಲರೂ ಒಪ್ಪಿ ಬರೆಸಿದ ಆ ಸುಳ್ಳು, ಹೈವೇ ಬಂದ ದಿನ ಅಧಿಕೃತ ಸಾಕ್ಷ್ಯವಾಯಿತು. ಈಗ ಆರ್ಬಿಟ್ರೇಟರ್ (ಪಂಚಾಯ್ತಿ ಮಾಡುವ ಅಧಿಕಾರಿ) ಮುಂದೆ ನಿಂತು "ಸ್ವಾಮಿ, ನಿಜವಾದ ಬೆಲೆ ಬೇರೆ" ಅನ್ನಬೇಕು. ಯಾವ ಕಾಗದ ತೋರಿಸಿ?

ಇಲ್ಲಿ ಹತ್ತು ಡಾಲರ್ ಎಂದು ಬರೆದು ಬೆಲೆ ಮುಚ್ಚಿಡುತ್ತಾರೆ, ಅಲ್ಲಿ ಅರ್ಧ ಬರೆದು ಮುಚ್ಚಿಡುತ್ತಾರೆ. ಇಲ್ಲಿಯದು ಕಾನೂನುಬದ್ಧ, ಅಲ್ಲಿಯದು ಅಪರಾಧ. ಆದರೆ ಪೆಟ್ಟು ಬೀಳುವ ಬಗೆ ಒಂದೇ: ಯಾವತ್ತೋ ಒಂದು ದಿನ ಯಾರೋ ಅಧಿಕಾರಿ ಬಂದು ನಿಮ್ಮ ನೆಲಕ್ಕೆ ಬೆಲೆ ಕಟ್ಟಲೇಬೇಕಾಗುತ್ತದೆ, ಆಗ ಅವನ ಕೈಯಲ್ಲಿ ಇರಬೇಕಾದ ಮಾಹಿತಿ ಇರುವುದಿಲ್ಲ.

ಊಹಿಸುವವರ ಕಷ್ಟ

ಟೆಕ್ಸಸ್‌ನಲ್ಲಿ 254 ಕೌಂಟಿಗಳಿವೆ, ಹೆಚ್ಚುಕಡಿಮೆ ಕೌಂಟಿಗೊಂದು ಅಪ್ರೈಸಲ್ ಡಿಸ್ಟ್ರಿಕ್ಟ್. 1979ರಲ್ಲಿ ಬಂದ ಕಾನೂನು ಈ ವ್ಯವಸ್ಥೆ ತಂದಿತು. ಅದಕ್ಕೂ ಮುಂಚೆ ಶಾಲೆಯವರು ಒಂದು ಬೆಲೆ, ನಗರದವರು ಒಂದು ಬೆಲೆ, ಕೌಂಟಿಯವರು ಇನ್ನೊಂದು ಬೆಲೆ ಎಂದು ಒಂದೇ ಮನೆಗೆ ಹಲವು ಬೆಲೆ ಕಟ್ಟುತ್ತಿದ್ದರಂತೆ. ಈಗ ಬೆಲೆ ಒಂದೇ, ಅದರ ಮೇಲೆ ತಮ್ಮ ತಮ್ಮ ದರ ಹಾಕುವವರು ಹಲವರು: ಶಾಲಾ ಜಿಲ್ಲೆ, ಕೌಂಟಿ, ಬೆಂಕಿ-ಆಂಬುಲೆನ್ಸಿನ ಜಿಲ್ಲೆ, ಕೆಲವೆಡೆ ಆಸ್ಪತ್ರೆಯ ಜಿಲ್ಲೆ. ರಾಜ್ಯ ಸರ್ಕಾರ ಆಸ್ತಿ ತೆರಿಗೆ ಹಾಕುವಂತಿಲ್ಲ. ಸಂಬಳದ ಮೇಲೂ ರಾಜ್ಯದ ಆದಾಯ ತೆರಿಗೆ ಇಲ್ಲ, 2019ರಲ್ಲಿ ಜನ ಮತ ಹಾಕಿ ಸಂವಿಧಾನದಲ್ಲೇ ಅದಕ್ಕೆ ಬಾಗಿಲು ಹಾಕಿಬಿಟ್ಟರು. ಹಾಗಾಗಿ ಮೇಷ್ಟ್ರ ಸಂಬಳ, ಶೆರಿಫ್‌ನ ಗಾಡಿ, ಮಣ್ಣುರಸ್ತೆಯ ಗ್ರೇಡರ್, ಎಲ್ಲದರ ಭಾರ ಬಹುಮಟ್ಟಿಗೆ ಈ ಅಂಕಿಯ ಮೇಲೇ ಕೂತಿದೆ.

ಹ್ಯೂಸ್ಟನ್ನಿನಲ್ಲೋ ಡಾಲಸ್ಸಿನಲ್ಲೋ ಒಂದೇ ಬಡಾವಣೆಯಲ್ಲಿ ಒಂದೇ ಬಿಲ್ಡರ್ ಕಟ್ಟಿದ ಇನ್ನೂರು ಮನೆಗಳಿರುತ್ತವೆ. ವರ್ಷಕ್ಕೆ ಹದಿನೈದು ಇಪ್ಪತ್ತು ಕೈ ಬದಲಾಗುತ್ತವೆ. ಬೆಲೆ ಮುಚ್ಚಿಟ್ಟರೂ ಹೇಗೋ ಹೊರಬೀಳುತ್ತದೆ, ಕಂಪ್ಯೂಟರಿನ ಲೆಕ್ಕದ ಮಾದರಿ ಓಡಿಸಿದರೆ ಉತ್ತರ ಸರಿಸುಮಾರು ಬರುತ್ತದೆ. ನಮ್ಮಂಥ ಹಳ್ಳಿ ಕೌಂಟಿಯಲ್ಲಿ ಹಾಗಲ್ಲ. ಒಂದು ಕಡೆ 1940ರ ಮರದ ಮನೆ, ಮುಂದಿನ ತಿರುವಿನಲ್ಲಿ ಟ್ರೇಲರ್, ಅದರಾಚೆ ಆಸ್ಟಿನ್ನಿನವರು ಮೊನ್ನೆ ಕಟ್ಟಿಸಿದ ಗಾಜಿನ ಬಂಗಲೆ. ಒಂದು ರಸ್ತೆಯಲ್ಲಿ ನಾಲ್ಕೈದು ವರ್ಷ ಏನೂ ಮಾರಾಟವಾಗುವುದಿಲ್ಲ. ಮಾರಾಟವಾದರೂ ಮಾವನಿಂದ ಅಳಿಯನಿಗೆ, ಅಥವಾ ಅಣ್ಣತಮ್ಮಂದಿರ ನಡುವೆ. ಇಂಥ ಕಡೆ ಆರೇಳು ಜನರ ಕಚೇರಿ ಇಡೀ ಕೌಂಟಿಗೆ ಬೆಲೆ ಕಟ್ಟಬೇಕು. ಪ್ರತಿ ಮನೆಗೂ ಹೋಗಿ ನೋಡುವುದು ಆಗದ ಮಾತು. ಆದ್ದರಿಂದ ಮನೆಗಳನ್ನು ವರ್ಗ ಮಾಡುತ್ತಾರೆ, ಪ್ರದೇಶಕ್ಕೊಂದು ಸಂಕೇತ ಕೊಡುತ್ತಾರೆ, ಚದರಡಿಗೆ ಇಷ್ಟು, ಎಕರೆಗೆ ಇಷ್ಟು ಎಂದು ಗುಣಿಸುತ್ತಾರೆ.

ಹಾಗಾದರೆ ಸ್ವಲ್ಪ ಕಡಿಮೆಯೇ ಕಟ್ಟಿ ಜನರ ಬಾಯಿ ಮುಚ್ಚಿಸಬಹುದಲ್ಲ? ಅಲ್ಲೂ ಒಂದು ಕುಣಿಕೆ ಇದೆ. ರಾಜ್ಯದ ಹಣಕಾಸು ನೋಡಿಕೊಳ್ಳುವ ಕಂಟ್ರೋಲರ್ ಕಚೇರಿ ಕನಿಷ್ಠ ಎರಡು ವರ್ಷಕ್ಕೊಮ್ಮೆ ಶಾಲಾ ಜಿಲ್ಲೆಗಳ ಬೆಲೆಗಳನ್ನು ತಾನೇ ಪರೀಕ್ಷಿಸುತ್ತದೆ. ಸ್ಥಳೀಯರು ಕಟ್ಟಿದ ಬೆಲೆ ತನ್ನ ಅಂದಾಜಿಗಿಂತ ಮಿತಿ ಮೀರಿ ಕಡಿಮೆಯಿದ್ದರೆ, ಆ ಊರಿನ ಶಾಲೆ ನಿಜಕ್ಕೂ ಇದಕ್ಕಿಂತ ಸಿರಿವಂತ ಎಂದು ತೀರ್ಮಾನಿಸಿ, ಒಂದೆರಡು ವರ್ಷ ಸಮಯ ಕೊಟ್ಟು, ಆಮೇಲೆ ರಾಜ್ಯದ ಅನುದಾನ ಕತ್ತರಿಸಬಹುದು. ಅಂದರೆ ಮುಖ್ಯ ಅಪ್ರೈಸರ್ ಕೌಂಟಿಯ ಜನರ ಮೇಲೆ ಕರುಣೆ ತೋರಿದರೆ ಅದೇ ಜನರ ಮಕ್ಕಳ ಶಾಲೆಗೆ ಏಟು. ಇದು ಗೊತ್ತಾದ ಮೇಲೆ ಫೀಡ್ ಅಂಗಡಿಯ ಬೈಗುಳದಲ್ಲಿ ನನ್ನ ದನಿ ಸ್ವಲ್ಪ ತಗ್ಗಿತು.

ತಕರಾರಿನ ದಿನ

ತಗ್ಗಿತು ಅಂದಮಾತ್ರಕ್ಕೆ ಸುಮ್ಮನೆ ಕಟ್ಟಿಬಿಟ್ಟೆ ಅಂತಲ್ಲ. 2024ರ ನೋಟೀಸಿನಲ್ಲಿ ನಮ್ಮ ಮನೆ ಮತ್ತು ಮನೆ ನಿಂತ ಒಂದು ಎಕರೆಯ ಬೆಲೆ 3,48,000 ಡಾಲರ್ ಎಂದಿತ್ತು. (ಉಳಿದ ಹತ್ತು ಎಕರೆಯ ಕಥೆ ಬೇರೆ, ಆಮೇಲೆ ಹೇಳುತ್ತೇನೆ.) ವಾಸದ ಮನೆಗೆ ಹೋಮ್‌ಸ್ಟೆಡ್ ವಿನಾಯಿತಿ ಪಡೆದಿದ್ದರೆ ತೆರಿಗೆಯ ಲೆಕ್ಕದ ಬೆಲೆ ವರ್ಷಕ್ಕೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಏರುವಂತಿಲ್ಲ. ಆದರೆ ಆ ರಕ್ಷಣೆ ಶುರುವಾಗುವುದು ವಿನಾಯಿತಿ ಸಿಕ್ಕ ಮರುವರ್ಷದಿಂದ. ಅಂದರೆ ಮೊದಲ ವರ್ಷ ಯಾವ ಬೆಲೆಗೆ ಒಪ್ಪುತ್ತೀರೋ ಮುಂದಿನ ಏರಿಕೆಯೆಲ್ಲ ಅದರ ಮೇಲೆ. ಇಲ್ಲಿಗೆ ಹೊಸದಾಗಿ ಬರುವ ನಮ್ಮ ಜನ ಹೆಚ್ಚಾಗಿ ಗಮನಿಸದೆ ಬಿಡುವುದು ಇದನ್ನೇ. ಜಗಳವಾಡುವುದಿದ್ದರೆ ಮೊದಲ ವರ್ಷವೇ ಆಡಬೇಕು. ಅರ್ಜಿ ಹಾಕಲು ಮೇ 15, ಅಥವಾ ನೋಟೀಸ್ ಕಳಿಸಿದ 30 ದಿನ, ಯಾವುದು ಆಮೇಲೋ ಅಲ್ಲಿಯವರೆಗೆ ಸಮಯ. ವಕೀಲರು ಬೇಡ, ಶುಲ್ಕವಿಲ್ಲ. ಒಂದು ಹಾಳೆಯ ಅರ್ಜಿಯಲ್ಲಿ ಎರಡು ಚೌಕಕ್ಕೆ ಗುರುತು ಹಾಕಬೇಕು: ಬೆಲೆ ಮಾರುಕಟ್ಟೆಗಿಂತ ಹೆಚ್ಚು, ಮತ್ತು ಬೇರೆಯವರಿಗೆ ಹೋಲಿಸಿದರೆ ಅಸಮಾನ. ಎರಡಕ್ಕೂ ಹಾಕಿ. ಎರಡನೆಯದು ಬಹಳ ಉಪಯೋಗದ್ದು, ಏಕೆಂದರೆ ಮಾರಾಟದ ಬೆಲೆ ಗುಟ್ಟಾದರೂ ಅಕ್ಕಪಕ್ಕದ ಮನೆಗಳಿಗೆ ಕಚೇರಿ ಕಟ್ಟಿದ ಬೆಲೆ ಗುಟ್ಟಲ್ಲ, ಎಲ್ಲರೂ ನೋಡಬಹುದು.

ನಾನು ಮೊದಲು ಮಾಡಿದ್ದು ಕಚೇರಿಗೆ ಹೋಗಿ ನಮ್ಮ ಮನೆಯ ದಾಖಲೆಯ ಹಾಳೆ ತೆಗೆಸಿದ್ದು. ತೆರೆದ ಜಗಲಿಯನ್ನು ವಾಸದ ಕೋಣೆಯೆಂದು ಅಳೆದು ಸೇರಿಸಿದ್ದರು. ಕೌಂಟರಿನಲ್ಲಿದ್ದ ಅಪ್ರೈಸರ್ ಹುಡುಗಿ ನನ್ನ ಮೊಬೈಲಿನ ಫೋಟೋ ನೋಡಿ, ಒಂದೂ ಎದುರು ಮಾತಾಡದೆ ಅಲ್ಲೇ ತಿದ್ದಿದಳು. ಆದರೆ ಪ್ರದೇಶದ ದರ ಇಳಿಸುವ ಅಧಿಕಾರ ತನಗಿಲ್ಲ, ಅದಕ್ಕೆ ತಕರಾರು ಕೇಳುವ ರಿವ್ಯೂ ಬೋರ್ಡ್ ಮಂಡಳಿಯ ಮುಂದೆ ಬನ್ನಿ ಅಂದಳು. ಸಾಕ್ಷ್ಯ ಕೇಳಿದರೆ ವಿಚಾರಣೆಗೆ 14 ದಿನ ಮುಂಚೆ ಕೊಡಬೇಕೆಂದು ಕಾನೂನಿದೆ, ಕೇಳಿ ಪಡೆದೆ. ಅವರು ನಮ್ಮ ಮನೆಗೆ ಹೋಲಿಸಿದ್ದು ಮೂರು ಮನೆಗಳನ್ನು. ಎರಡು ಹೆದ್ದಾರಿ ಪಕ್ಕದ ಹೊಸ ಬಡಾವಣೆಯವು, ಡಾಂಬರು ರಸ್ತೆ, ಕೊಳಾಯಿ ನೀರು. ಮೂರನೆಯದು ಪಕ್ಕದ ಕೌಂಟಿಯ ಗಡಿಗೆ ಅಂಟಿಕೊಂಡದ್ದು. ನಮ್ಮದು ಬಾವಿಯ ಗಂಧಕದ ವಾಸನೆಯ ನೀರು, ಮಣ್ಣುರಸ್ತೆ, ದಾರಿಯಲ್ಲಿ ಹಳ್ಳ. ಸೇತುವೆಯಿಲ್ಲ, ಹಳ್ಳದ ತಳಕ್ಕೆ ಕಾಂಕ್ರೀಟ್ ಹಾಸಿದ್ದಾರೆ ಅಷ್ಟೆ. ಜೋರು ಮಳೆ ಬಂದರೆ ನೀರು ಇಳಿಯುವವರೆಗೆ ಮನೆಯಿಂದಾಚೆ ಹೋಗುವಂತಿಲ್ಲ.

ಜೂನ್ ತಿಂಗಳ ಆ ಬೆಳಿಗ್ಗೆ ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಏಸಿ ಎಷ್ಟು ಚಳಿಯೆಂದರೆ ನಾನು ಸೆರಗು ಇಲ್ಲವಲ್ಲ ಅಂದುಕೊಂಡೆ. ಉದ್ದ ಮೇಜಿನ ಆಚೆ ರಿವ್ಯೂ ಬೋರ್ಡಿನ ಐದು ಜನ. ಸರ್ಕಾರಿ ನೌಕರರಲ್ಲ, ಕೌಂಟಿಯ ನಿವಾಸಿಗಳೇ. ಒಬ್ಬರು ನಿವೃತ್ತ ಶಿಕ್ಷಕಿ, ಒಬ್ಬರು ಅಂಚೆ ಕಚೇರಿಯಲ್ಲಿದ್ದವರು, ಕೊನೆಯಲ್ಲಿ ಟೋಪಿಯನ್ನು ಮೇಜಿನ ಮೇಲೆ ಬೋರಲಿಟ್ಟು ಕೂತ ದನಗಾರ ಮುದುಕ. ಈ ಆಸ್ತಿಯ ಬಗ್ಗೆ ಹೊರಗೆ ಯಾರೊಡನೆಯೂ ಮಾತಾಡಿಲ್ಲ ಎಂದು ಅವರು ಪ್ರಮಾಣ ಮಾಡಿ ರುಜು ಹಾಕಬೇಕು, ನಿಜ ಹೇಳುತ್ತೇನೆಂದು ನಾನು ಕೈ ಎತ್ತಬೇಕು. ಎಲ್ಲರಿಗೂ ಎಲ್ಲರೂ ಗೊತ್ತಿರುವ ಕಡೆ ಈ ಪ್ರಮಾಣ ಮಾಡುವಾಗ ಅವರ ಮುಖದಲ್ಲಿ ಸಣ್ಣ ನಗು ಇತ್ತು. ತಮ್ಮ ಬೆಲೆ ಸರಿಯೆಂದು ತೋರಿಸುವ ಹೊಣೆ ಕಾನೂನಿನ ಪ್ರಕಾರ ಕಚೇರಿಯದ್ದು. ಅಪ್ರೈಸರ್ ಹುಡುಗಿ ಮೂರು ಮನೆಗಳ ಪಟ್ಟಿ ಓದಿದಳು. ನಾನು ಫೋಟೋಗಳನ್ನು ಒಂದೊಂದಾಗಿ ಜಾರಿಸಿದೆ, ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆ ಫೀಮಾದ ನೆರೆ ನಕ್ಷೆ ಹರಡಿದೆ.

ದನಗಾರ ಮುದುಕ ಹಳ್ಳದ ಫೋಟೋವನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರು. "ಇದು ಹಳೇ ಹತ್ತಿ ಜಿನ್ ದಾಟಿದ ಮೇಲೆ ಸಿಗೋ ಹಳ್ಳ ತಾನೆ?" ಹೌದೆಂದೆ. ಅವರು ಅಪ್ರೈಸರ್ ಕಡೆ ತಿರುಗಿ, "ಇಲ್ಲಿ ನೀರು ಬಂದಾಗ ಶಾಲಾ ಬಸ್ಸೇ ಹೋಗಲ್ಲ. ಇದಕ್ಕೆ ಎಷ್ಟು ಕಳೆದಿದ್ದೀರಿ?" ಎಂದು ಕೇಳಿದರು. ಅವಳು ಕಂಪ್ಯೂಟರ್ ನೋಡಿದಳು, ಪಟ್ಟಿ ನೋಡಿದಳು. "ಮಾದರಿಯಲ್ಲಿ ಹಳ್ಳಕ್ಕೆ ಕಾಲಂ ಇಲ್ಲ" ಅಂದಳು. ಯಾರೂ ನಗಲಿಲ್ಲ. ಆಮೇಲೆ ಐವರೂ ನನ್ನೆದುರಿಗೇ ನನ್ನ ಮನೆಯ ಬಗ್ಗೆ ಚರ್ಚೆ ಮಾಡಿದರು, ಕಾನೂನು ಹಾಗೇ ಹೇಳುತ್ತದೆ. ಹೆಣ್ಣು ನೋಡಲು ಬಂದವರು ಒಳಗೆ ಹೋಗದೆ ಅಲ್ಲೇ ಮಾತಾಡಿಕೊಂಡರೆ ಹೇಗಿರುತ್ತದೋ ಹಾಗಿತ್ತು. ಶಿಕ್ಷಕಿಗೆ ನನ್ನ ನೆರೆ ನಕ್ಷೆ ಒಪ್ಪಿಗೆಯಾಗಲಿಲ್ಲ. ಮನೆ ಎತ್ತರದಲ್ಲಿದೆ, ನೆರೆ ಇರುವುದು ದಾರಿಯಲ್ಲಿ ಅಂದರು. ಸರಿಯಾದ ಮಾತೇ. ಕೊನೆಗೆ 3,10,000ಕ್ಕೆ ನಿಲ್ಲಿಸಿದರು. ನಾನು ಕೇಳಿದ್ದಕ್ಕಿಂತ ಹೆಚ್ಚು, ಅವರು ಕಟ್ಟಿದ್ದಕ್ಕಿಂತ ಕಡಿಮೆ. ತೆರಿಗೆಯಲ್ಲಿ ಉಳಿದದ್ದು ಏಳುನೂರು ಡಾಲರಿನ ಹತ್ತಿರ. ಒಪ್ಪಿಗೆಯಾಗದಿದ್ದರೆ ಮುಂದೆ ಆರ್ಬಿಟ್ರೇಷನ್ ಇದೆ, ಜಿಲ್ಲಾ ನ್ಯಾಯಾಲಯ ಇದೆ. ನಾನು ಅಷ್ಟಕ್ಕೇ ಬಿಟ್ಟೆ.

ಮಣ್ಣಿನ ದೋಷಗಳು

ಹಳ್ಳಕ್ಕೆ ಕಾಲಂ ಇಲ್ಲ ಅನ್ನುವ ಮಾತು ಕೇಳಿದಾಗ ನನಗೆ ನೆನಪಾದದ್ದು ನಮ್ಮ ಕಡೆಯ ಹಳೇ ಸರ್ವೆ. 1830ರ ದಶಕದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಇಬ್ಬರು ಬ್ರಿಟಿಷ್ ಅಧಿಕಾರಿಗಳು ಪುಣೆಯ ಇಂದಾಪುರ ತಾಲ್ಲೂಕಿನಲ್ಲಿ ಶುರು ಮಾಡಿದ ಕಂದಾಯ ಪದ್ಧತಿ ಮುಂದೆ ಧಾರವಾಡಕ್ಕೆ, 1860ರ ದಶಕದಲ್ಲಿ ಮೈಸೂರು ಸೀಮೆಗೂ ಬಂತು. ಅದರಲ್ಲಿ ಹೊಲದ ಮಣ್ಣನ್ನು ಅಗೆದು ನೋಡಿ, ಬಣ್ಣ, ಆಳ ನೋಡಿ, ಹದಿನಾರಾಣೆಯಿಂದ ಕೆಳಕ್ಕೆ ಒಂಬತ್ತು ವರ್ಗ ಮಾಡುತ್ತಿದ್ದರು. ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಮರಳು ಬೆರೆತಿದೆಯೇ, ಇಳಿಜಾರೇ, ಹರಿವ ನೀರು ಮಣ್ಣು ಕೊಚ್ಚಿಕೊಂಡು ಹೋಗುತ್ತದೆಯೇ, ನೀರು ನಿಲ್ಲುತ್ತದೆಯೇ ಎಂದು ದೋಷಗಳ ಪಟ್ಟಿಯೇ ಇತ್ತು. ಒಂದೊಂದು ದೋಷಕ್ಕೂ ವರ್ಗ ಕೆಳಗಿಳಿಯುತ್ತಿತ್ತು. ಒಮ್ಮೆ ನಿಗದಿಯಾದರೆ 30 ವರ್ಷ ಬದಲಾವಣೆಯಿಲ್ಲ. ಆ ಕಾಲ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ವರ್ಗ ಎಷ್ಟೇ ಸೂಕ್ಷ್ಮವಾಗಿ ಮಾಡಿದರೂ ಕಂದಾಯ ಎಷ್ಟೆಂಬುದನ್ನು ನಿರ್ಧರಿಸುತ್ತಿದ್ದವರು ಎಲ್ಲೋ ದೂರ ಕೂತವರು, ಮಳೆ ಹೋದ ವರ್ಷ ಆ ಸೂಕ್ಷ್ಮ ರೈತನ ಹೊಟ್ಟೆ ತುಂಬಿಸಲಿಲ್ಲ. ಆದರೂ, ಕೈಯಲ್ಲಿ ಗುದ್ದಲಿ ಹಿಡಿದವನ ಪಟ್ಟಿಯಲ್ಲಿ ಹಳ್ಳಕ್ಕೊಂದು ಕಾಲಂ ಇತ್ತು.

ಉಪಗ್ರಹದ ಚಿತ್ರ, ವೈಮಾನಿಕ ಫೋಟೋ, ಕಂಪ್ಯೂಟರ್ ಎಲ್ಲ ಇರುವ ಈ ಕಚೇರಿಯಲ್ಲಿ ಆ ಕಾಲಂ ಸೇರಿಸಬೇಕಾದವರು ಮಾಲೀಕರೇ. ತಕರಾರು ಅಂದರೆ ನನಗೀಗ ಮುಖ್ಯವಾಗಿ ಕಾಣುವುದು ಇದೇ. ವರ್ಷಕ್ಕೊಮ್ಮೆ ಹೋಗಿ ನಮ್ಮ ನೆಲದ ದೋಷಗಳನ್ನು ದಾಖಲೆಗೆ ಸೇರಿಸಿ ಬರುವ ಕೆಲಸ.

ಯಾರು ಹೋಗುವುದಿಲ್ಲ

ಆ ದಿನ ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದವರನ್ನು ನೋಡಿದೆ. ಆಸ್ಟಿನ್ನಿನಿಂದ ಬಂದ ನಮ್ಮಂಥವರು, ಲ್ಯಾಪ್‌ಟಾಪ್ ಹಿಡಿದವರು, ಹತ್ತಾರು ಜನರ ಪರವಾಗಿ ಕಮಿಷನ್ನಿಗೆ ಬಂದ ಏಜೆಂಟ್. ಮೂರು ತಲೆಮಾರಿನಿಂದ ಅಲ್ಲೇ ಇರುವವರ ಮುಖ ಬಹಳ ಕಡಿಮೆ. ಶಾಲೆಗೆ, ಆಂಬುಲೆನ್ಸಿಗೆ ಬೇಕಾದ ಹಣ ಬೇಕೇ ಬೇಕು. ನನ್ನ ಬೆಲೆ ಇಳಿದರೆ ಆ ಪಾಲು ಆವಿಯಾಗುವುದಿಲ್ಲ, ಆಗಸ್ಟ್, ಸೆಪ್ಟೆಂಬರಿನಲ್ಲಿ ದರ ನಿಗದಿಯಾಗುವಾಗ ಉಳಿದವರ ಮೇಲೆ ಹರಡಿಕೊಳ್ಳುತ್ತದೆ. ಉಳಿದವರು ಅಂದರೆ ಬಾರದವರು.

ನಮ್ಮ ಬೇಲಿಯಾಚೆಯ ಅಜ್ಜಿ ಅಂಥವರಲ್ಲಿ ಒಬ್ಬರು. ಎಂಬತ್ತು ದಾಟಿದೆ, ಗಂಡ ತೀರಿಕೊಂಡು ಬಹಳ ವರ್ಷ. ಒಂದು ಸಂಜೆ ಅವರ ಅಡುಗೆಮನೆಯಲ್ಲಿ ಪೀಚ್ ಕಾಬ್ಲರ್ ತಿನ್ನುತ್ತಾ ತೆರಿಗೆಯ ಮಾತು ಬಂತು. ಅವರು ಬಿಲ್ಲುಗಳನ್ನು ಇಟ್ಟಿದ್ದ ಬಿಸ್ಕತ್ತಿನ ಡಬ್ಬಿ ತಂದು ತೋರಿಸಿದರು. ವಾಸದ ಮನೆಯ ವಿನಾಯಿತಿ ಇತ್ತು, ಆದರೆ 65 ದಾಟಿದವರಿಗೆ ಸಿಗುವ ಹೆಚ್ಚುವರಿ ವಿನಾಯಿತಿ ಇರಲಿಲ್ಲ. ಅದು ಸಿಕ್ಕರೆ ಶಾಲಾ ತೆರಿಗೆ ಆ ವರ್ಷದ ಮೊತ್ತಕ್ಕೇ ನಿಂತುಬಿಡುತ್ತದೆ, ಹೊಸ ಕೋಣೆ ಕಟ್ಟಿಸದ ಹೊರತು ಮೇಲೇರುವಂತಿಲ್ಲ. ಯಾಕೆ ಕೇಳಲಿಲ್ಲ ಎಂದೆ. "ಅದು ಕೈಲಾಗದವರಿಗೆ ಕೊಡೋದು. ನನಗೆ ಧರ್ಮದ ದುಡ್ಡು ಬೇಡ" ಅಂದರು. ಇದು ಧರ್ಮವಲ್ಲ, ಹಿಂದೆ ಇಲ್ಲಿನ ಜನರೇ ಮತ ಹಾಕಿ ಮಾಡಿದ ಕಾನೂನು, ನೀವೂ ಹಾಕಿರಬಹುದು ಅಂದೆ. ಸ್ವಲ್ಪ ಹೊತ್ತು ಯೋಚಿಸಿ, "ಹಾಕಿರ್ತೀನಿ, ನಾನು ಯಾವ ಎಲೆಕ್ಷನ್ನೂ ತಪ್ಪಿಸಿಲ್ಲ" ಅಂದರು. ಅರ್ಜಿ ಅಲ್ಲೇ ತುಂಬಿದೆವು. ತಡವಾಗಿ ಹಾಕಿದರೂ ಎರಡು ವರ್ಷದಷ್ಟು ಹಿಂದಕ್ಕೆ ಅನ್ವಯವಾಗುತ್ತದೆ, ಆ ಹಣ ಅವರಿಗೆ ವಾಪಸ್ಸೂ ಬಂತು. ಮಾರನೇ ವರ್ಷ, 2025ರ ನವೆಂಬರಿನಲ್ಲಿ, ಮತದಾರರು ಶಾಲಾ ತೆರಿಗೆಯ ಹೋಮ್‌ಸ್ಟೆಡ್ ವಿನಾಯಿತಿಯನ್ನು ಒಂದು ಲಕ್ಷ ಡಾಲರಿನಿಂದ 1,40,000ಕ್ಕೆ ಏರಿಸಿದರು, 65 ದಾಟಿದವರಿಗೆ ಅದರ ಮೇಲೆ ಇನ್ನೂ 60,000. ಅವರ ಹಳೇ ಮನೆಯ ಶಾಲಾ ತೆರಿಗೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಅನ್ನುವಷ್ಟಾಗಿದೆ.

ಈಗ ಆ ಹತ್ತು ಎಕರೆ. ಅದರ ಮಾರುಕಟ್ಟೆ ಬೆಲೆ ನೋಟೀಸಿನಲ್ಲಿ ಇರುತ್ತದೆ, ಆದರೆ ತೆರಿಗೆ ಅದರ ಮೇಲಲ್ಲ. ಕೃಷಿಗೆ ಬಳಸುವ ಜಮೀನಿಗೆ ಉತ್ಪಾದನೆಯ ಲೆಕ್ಕದಲ್ಲಿ ಬೆಲೆ ಕಟ್ಟಬೇಕೆಂದು 1978ರ ಸಂವಿಧಾನ ತಿದ್ದುಪಡಿ ಹೇಳುತ್ತದೆ. ಹಿಂದಿನ ಏಳು ವರ್ಷಗಳಲ್ಲಿ ಐದು ವರ್ಷ ಕೃಷಿ ನಡೆದಿರಬೇಕು. ನಮಗೆ ಮಾರಿದವರು ದನ ಮೇಯಿಸುತ್ತಿದ್ದರು, ನಾವು ಹೊಸದಾಗಿ ಅರ್ಜಿ ಹಾಕಿ ಮುಂದುವರಿಸಿದೆವು, ಅಜ್ಜಿಯ ಮೊಮ್ಮಗನ ದನಗಳು ಈಗ ನಮ್ಮಲ್ಲಿ ಮೇಯುತ್ತವೆ. ಸಾವಿರಾರು ಡಾಲರಿನ ಎಕರೆ ಇದರಿಂದ ಕೆಲವು ನೂರು ಡಾಲರಿಗೆ ಇಳಿಯುತ್ತದೆ. ದನ ಬೇಡದವರು ಜೇನುಪೆಟ್ಟಿಗೆ ಇಡುತ್ತಾರೆ, 2011ರಲ್ಲಿ ಬಂದ ಕಾನೂನಿನ ಪ್ರಕಾರ 5ರಿಂದ 20 ಎಕರೆಯ ಜಮೀನಿಗೆ ಜೇನು ಸಾಕಣೆಯೂ ಕೃಷಿಯೇ. 1995ರಿಂದ ಜಿಂಕೆ, ಹಕ್ಕಿಗಳಿಗೆ ನೆಲೆ ಮಾಡಿಕೊಟ್ಟರೂ ಇದೇ ಲೆಕ್ಕ. ವಾರಾಂತ್ಯಕ್ಕೆ ಬರುವ ಡಾಕ್ಟರೊಬ್ಬರು ಬಾಡಿಗೆಗೆ ತಂದಿಡಿಸಿದ ಜೇನುಪೆಟ್ಟಿಗೆಗಳಿಂದ ಉಳಿಸುವ ತೆರಿಗೆ, ನಾನು ಮಂಡಳಿಯೆದುರು ಹೋರಾಡಿ ಉಳಿಸಿದ್ದರ ಎಷ್ಟೋ ಪಟ್ಟು. ರೈತನನ್ನು ಉಳಿಸಲು ಮಾಡಿದ ಕಾನೂನು ಅದು, ಉಳಿಸಿಯೂ ಇದೆ. ಅದರ ನೆರಳಿನಲ್ಲಿ ನಾವೆಲ್ಲ ಆರಾಮಾಗಿ ಕೂತಿದ್ದೇವೆ. ನಮ್ಮ ಹತ್ತು ಎಕರೆಯನ್ನು ಸೇರಿಸಿಯೇ ಹೇಳುತ್ತಿದ್ದೇನೆ. ಬಳಕೆ ಬದಲಿಸಿದರೆ ಹಿಂದಿನ ಮೂರು ವರ್ಷದ ವ್ಯತ್ಯಾಸ ಕಟ್ಟಬೇಕು. 2019ರವರೆಗೆ ಅದು ಐದು ವರ್ಷವಿತ್ತು, ಬಡ್ಡಿಯೂ ಇತ್ತು. ಈಗ ಬಡ್ಡಿಯಿಲ್ಲ. ಬಡಾವಣೆ ಮಾಡುವವರಿಗೆ ಇದು ಖರ್ಚಿನ ಪಟ್ಟಿಯಲ್ಲಿ ಒಂದು ಸಾಲು, ಅಷ್ಟೆ.

ಪ್ರಶ್ನಾವಳಿ

ಕಳೆದ ಚಳಿಗಾಲ ಹಳ್ಳದ ಆಚೆ ದಂಡೆಯ ನಾಲ್ಕು ಎಕರೆ ಮಾರಾಟಕ್ಕೆ ಬಂತು, ಕೊಂಡೆವು. ಕೆಲವೇ ವಾರಗಳಲ್ಲಿ ಅಪ್ರೈಸಲ್ ಡಿಸ್ಟ್ರಿಕ್ಟಿನಿಂದ ಒಂದು ಹಾಳೆಯ ಪ್ರಶ್ನಾವಳಿ. ಎಷ್ಟಕ್ಕೆ ಕೊಂಡಿರಿ, ಮಾರಿದವರು ಸಂಬಂಧಿಕರೇ, ಬೆಲೆಯ ಮೇಲೆ ಪರಿಣಾಮ ಬೀರುವ ವಿಶೇಷವೇನಾದರೂ ಇದೆಯೇ. ಉತ್ತರಿಸುವುದು ನಿಮ್ಮ ಇಷ್ಟ, ಬಲವಂತವಿಲ್ಲ. ಊರಿನಲ್ಲಿ ಯಾರನ್ನು ಕೇಳಿದರೂ ಒಂದೇ ಸಲಹೆ: ಒಲೆಗೆ ಹಾಕು. ನಮ್ಮನೆಯವರೂ ಹಾಗೇ ಅಂದರು. "ನಾವು ಬರೆದ ಬೆಲೆ ಹಿಡ್ಕೊಂಡು ಪಕ್ಕದೋರ ಎಕರೆ ದರ ಏರಿಸ್ತಾರೆ. ನಾಳೆ ಬೇಲಿ ಹತ್ರ ಮುಖ ಹೇಗೆ ತೋರಿಸ್ತೀಯಾ?" ಅಣ್ಣನಿಗೆ ಹೇಳಿದರೆ ಅವನು ಈ ಸಲ ನಗಲಿಲ್ಲ. "ಬರಿ ಕಣಮ್ಮ" ಅಂದ. "ಒಬ್ಬರಾದ್ರೂ ನಿಜ ಬರೆಸಿದ್ರೆ ಇವತ್ತು ನಮ್ಮ ಕೈಲಿ ಒಂದು ಕಾಗದ ಇರ್ತಿತ್ತು."

ಇವರ ಭಯ ಸುಳ್ಳಲ್ಲ. ಆದರೆ ಎಲ್ಲರ ಬೆಲೆಯೂ ಒಟ್ಟಿಗೆ ಏರಿದರೆ ದರ ಇಳಿಯಬೇಕು, ಹಿಂದಿನ ವರ್ಷದಷ್ಟೇ ಹಣ ತರುವ ದರ ಯಾವುದೆಂದು ಲೆಕ್ಕ ಹಾಕಿ ಪ್ರಕಟಿಸುವುದು ಪ್ರತಿ ಕೌಂಟಿಗೂ ಕಡ್ಡಾಯ. ಅದಕ್ಕಿಂತ ನೂರಕ್ಕೆ ಮೂರೂವರೆಗೂ ಮೀರಿ ಸಾಮಾನ್ಯ ಆದಾಯ ಹೆಚ್ಚಿಸಬೇಕಿದ್ದರೆ ಸಾಮಾನ್ಯವಾಗಿ ಕೌಂಟಿ ಜನರ ಮತ ಕೇಳಬೇಕು, 2019ರ ಕಾನೂನು ಅದು. ಅಲ್ಲಿ ಹೋಗಿ ಕೂಗಾಡಬೇಕಾದವರು ಮೇ ತಿಂಗಳಲ್ಲಿ ಅಪ್ರೈಸರ್ ಹುಡುಗಿಯ ಮೇಲೆ ಕೂಗಿ, ಆಗಸ್ಟಿನ ದರದ ಸಭೆಗೆ ಖಾಲಿ ಕುರ್ಚಿಗಳನ್ನು ಕಳಿಸುತ್ತೇವೆ. ನಾನೊಮ್ಮೆ ಆ ಸಭೆಗೆ ಹೋಗಿದ್ದೆ. ವೇದಿಕೆಯ ಮೇಲೆ ಇದ್ದಷ್ಟು ಜನ ಕೆಳಗಿರಲಿಲ್ಲ.

ಬರೆದು ಕಳಿಸಿದೆ. ಬೆಲೆಯ ಕೆಳಗೆ ವಿಶೇಷವೇನಾದರೂ ಅನ್ನುವ ಜಾಗದಲ್ಲಿ ಎರಡು ಗೆರೆ ಇತ್ತು, ನನಗೆ ಸಾಲದೆ ಹಾಳೆಯ ಹಿಂಬದಿಗೂ ಹೋದೆ: ನಾಲ್ಕರಲ್ಲಿ ಒಂದೂವರೆ ಎಕರೆ ಹಳ್ಳದ ಪಾತ್ರ, ದಂಡೆ ಪ್ರತಿ ಮಳೆಗೂ ಕುಸಿಯುತ್ತದೆ, ಗಾಡಿ ಹೋಗುವ ದಾರಿ ನಮ್ಮ ಜಮೀನಿನ ಮೂಲಕವೇ, ಹಾಗಾಗಿ ಈ ಬೆಲೆ ನಮಗೆ ಬಿಟ್ಟು ಬೇರೆ ಯಾರಿಗೂ ಅನ್ವಯಿಸದು. ನಮ್ಮನೆಯವರು ಅದನ್ನು ಓದಿ, "ಇದನ್ನೆಲ್ಲ ಬರೆದ್ಮೇಲೆ ಮೇಲಿನ ಬೆಲೆಯನ್ನ ಯಾರೂ ನಂಬಲ್ಲ ಬಿಡು, ಇಷ್ಟು ಕೊಟ್ಟೋರು ಪೆದ್ದರು ಅಂದ್ಕೋತಾರೆ" ಅಂದರು, ಅಂಚೆಪೆಟ್ಟಿಗೆಗೆ ಹಾಕಿಬಂದದ್ದೂ ಅವರೇ.